ಅಣ್ವಸ್ತ್ರ ಕ್ಷಿಪಣಿಗಳನ್ನು ಮೊದಲು ಕಟ್ಟೆಚ್ಚರದ ಸ್ಥಿತಿಯಿಂದ ಇಳಿಸಿ: ಅಮೆರಿಕ, ರಷ್ಯಾ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಜಗತ್ತಿನಲ್ಲಿರುವ ಸುಮಾರು 12 ಸಾವಿರ ಅಣ್ವಸ್ತ್ರಗಳಲ್ಲಿ ಶೇ 85ಕ್ಕಿಂತ ಜಾಸ್ತಿ ನಿಮ್ಮಿಬ್ಬರ ಹತ್ತಿರವೇ ಇವೆ. ನಾನು ನಿಮ್ಮ ಮತದಾರನಲ್ಲ. ಆದರೆ ಅವು ಸಿಡಿದರೆ ವಿಕಿರಣ ನಿಮ್ಮ ಗಡಿಯೊಳಗೇ ನಿಲ್ಲುವುದಿಲ್ಲ, ಅಲ್ವಾ? ಚಿಕ್ಕಂದಿನಿಂದ ಈ ಭಯ ಹೊತ್ತುಕೊಂಡೇ ಬದುಕಿದ್ದೇನೆ. ನೀವು ಬೆದರಿಕೆ ಹಾಕಿಕೊಂಡ ಸುದ್ದಿ ಬಂದ ರಾತ್ರಿ ಇವತ್ತಿಗೂ ನಿದ್ದೆ ಹತ್ತುವುದಿಲ್ಲ.

1995ರ ಜನವರಿ 25ರಂದು ಏನಾಯಿತು ಅಂತ ನಿಮಗೆ ಗೊತ್ತಿರಲೇಬೇಕು. ಧ್ರುವಪ್ರಭೆಯ ಅಧ್ಯಯನಕ್ಕೆಂದು ವಿಜ್ಞಾನಿಗಳು ನಾರ್ವೆಯಿಂದ ಒಂದು ರಾಕೆಟ್ ಹಾರಿಸಿದರು. ರಷ್ಯಾಕ್ಕೆ ಮುಂಚೆಯೇ ತಿಳಿಸಿದ್ದರು. ಆ ಮಾಹಿತಿ ರೇಡಾರ್ ಮುಂದೆ ಕೂತವರಿಗೆ ಮುಟ್ಟಲೇ ಇಲ್ಲ. ಅವರಿಗೆ ಅದು ಅಮೆರಿಕದ ಜಲಾಂತರ್ಗಾಮಿಯಿಂದ ಹಾರಿಬಂದ ಕ್ಷಿಪಣಿಯಂತೆ ಕಂಡಿತು. ಆಗಿನ ರಷ್ಯಾ ಅಧ್ಯಕ್ಷ ಯೆಲ್ಸಿನ್ ಅವರ ಅಣ್ವಸ್ತ್ರ ಪೆಟ್ಟಿಗೆ, ಅಂದರೆ ಅಣ್ವಸ್ತ್ರ ದಾಳಿಗೆ ಆದೇಶ ಕೊಡುವ ಪೆಟ್ಟಿಗೆ, ಚಾಲೂ ಆಯಿತು. ನಿರ್ಧಾರಕ್ಕೆ ಇದ್ದದ್ದು ಕೆಲವೇ ನಿಮಿಷ. ಅಷ್ಟರಲ್ಲಿ ರಾಕೆಟ್ ರಷ್ಯಾದ ಕಡೆಗೆ ಬರುತ್ತಿಲ್ಲ ಅಂತ ಗೊತ್ತಾಯಿತು. ಆಗ ಯುದ್ಧ ಇರಲಿಲ್ಲ, ದೊಡ್ಡ ಜಗಳವೂ ಇರಲಿಲ್ಲ. ಒಂದು ಕಚೇರಿಯ ಸಂದೇಶ ಇನ್ನೊಂದಕ್ಕೆ ತಲುಪದ ಮಾತ್ರಕ್ಕೆ ಕೋಟ್ಯಂತರ ಜನರ ಜೀವ ಆ ಪೆಟ್ಟಿಗೆಯ ಮೇಲೆ ನಿಂತಿತ್ತು. ಇದನ್ನು ಭದ್ರತೆ ಅಂತ ಯಾವ ಬಾಯಲ್ಲಿ ಹೇಳುತ್ತೀರಿ?

ಇವು ಬಳಸಲಿಕ್ಕಲ್ಲ, ಎದುರಾಳಿಯನ್ನು ತಡೆಯಲಿಕ್ಕೆ ಅನ್ನುತ್ತೀರಿ. ಸರಿ, ಹಾಗೇ ಇರಲಿ. ನಿಮ್ಮ ಜಲಾಂತರ್ಗಾಮಿಗಳು ಸಮುದ್ರದಡಿ ಅಡಗಿವೆ. ಮೊದಲ ಏಟು ಬಿದ್ದರೂ ತಿರುಗೇಟು ಕೊಡಲು ಅವು ಸಾಕು. ಮತ್ತೆ ನೆಲದ ಮೇಲಿನ ಕ್ಷಿಪಣಿಗಳು ನಿಮಿಷಗಳಲ್ಲಿ ಹಾರಲು ಸಿದ್ಧವಾಗಿ ಯಾಕೆ ನಿಂತಿರಬೇಕು? ಒಮ್ಮೆ ಹಾರಿದ ಮೇಲೆ ವಾಪಸ್ ಕರೆಸಲು ಆಗುವುದಿಲ್ಲ. ಅವನ್ನು ಕಟ್ಟೆಚ್ಚರದ ಸ್ಥಿತಿಯಿಂದ ಇಳಿಸಿ.

ನಿಯಮ ನಾನು ಹೇಳಿಕೊಡಬೇಕಿಲ್ಲ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ 1970ರಿಂದ ಜಾರಿಯಲ್ಲಿದೆ. ಅದರ 6ನೇ ವಿಧಿಯಲ್ಲಿ ನಿಶ್ಶಸ್ತ್ರೀಕರಣಕ್ಕೆ ಪ್ರಾಮಾಣಿಕವಾಗಿ ಮಾತುಕತೆ ನಡೆಸುತ್ತೇವೆ ಅಂತ ಒಪ್ಪಿದವರು ನೀವೇ. ಅಣು ಯುದ್ಧವನ್ನು ಯಾರೂ ಗೆಲ್ಲಲಾಗದು, ಅದು ನಡೆಯಲೇಬಾರದು ಅಂತ 1985ರಲ್ಲಿ ಜಿನೀವಾದಲ್ಲಿ ಹೇಳಿದ್ದೂ ನಿಮ್ಮ ದೇಶಗಳೇ. 2022ರಲ್ಲಿ ಅದೇ ಮಾತು ಮತ್ತೆ ಹೇಳಿದಿರಿ. ಈಗ ನೋಡಿದರೆ, ನಿಮ್ಮಿಬ್ಬರ ನಡುವೆ ಉಳಿದಿದ್ದ ಕೊನೆಯ ಅಣ್ವಸ್ತ್ರ ಮಿತಿ ಒಪ್ಪಂದ ನ್ಯೂ ಸ್ಟಾರ್ಟ್‌ನ ಅವಧಿಯೂ 2026ರ ಫೆಬ್ರವರಿ 5ಕ್ಕೆ ಮುಗಿದುಹೋಯಿತು. ಮಾತು ಕೊಟ್ಟು ಐವತ್ತು ವರ್ಷ ದಾಟಿದೆ ಸ್ವಾಮಿ. ಇನ್ನೂ ಎಷ್ಟು ದಿನ ಕಾಯಬೇಕು?

ಎಲ್ಲವನ್ನೂ ನಾಳೆಯೇ ನಾಶ ಮಾಡಿ ಅಂತ ಕೇಳುತ್ತಿಲ್ಲ. ಮೊದಲು ನೆಲದ ಮೇಲಿನ ಕ್ಷಿಪಣಿಗಳನ್ನು ಕಟ್ಟೆಚ್ಚರದ ಸ್ಥಿತಿಯಿಂದ ಇಳಿಸಿ. ಆಮೇಲೆ ಹೊಸ ಒಪ್ಪಂದಕ್ಕೆ ಎದುರುಬದುರು ಕೂತು ಮಾತಾಡಿ. ಯಾವತ್ತು ಕೂರುತ್ತೀರಿ ಅನ್ನುವ ದಿನಾಂಕವನ್ನು ಎಲ್ಲರೆದುರು ಹೇಳಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾದಿರುವ ಒಬ್ಬ ನಾಗರಿಕ