ಲಾರ್ಡುಗಳಿಗೆ ಬೇರೆ ಕೋರ್ಟು ಇದ್ದ ಕಾಲ

ಲಂಡನ್

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಾನು ಆರಾಮ. ಕೆಮ್ಮು ಪೂರ್ತಿ ಹೋಗಿದೆ ಅಂತ ಅಮ್ಮನಿಗೆ ಹೇಳಿ, ಸುಮ್ನೆ ಯೋಚನೆ ಮಾಡೋದು ಬೇಡ.

ಹೋದ ಸಲ ಫೋನಿನಲ್ಲಿ ನೀವು ಕೇಳಿದ್ದಿರಿ, ಇಲ್ಲಿನ ಲಾರ್ಡುಗಳಿಗೆ ಕಾನೂನೇ ಬೇರೆ ಅಂತಾರಲ್ಲ, ನಿಜವಾ ಅಂತ. ಲಾರ್ಡು ಅಂದರೆ ಡ್ಯೂಕ್, ಅರ್ಲ್ ಥರದ ಬಿರುದು ಇರೋ ದೊಡ್ಡ ಮನುಷ್ಯರು. ಈಗ ಹಾಗಿಲ್ಲ. ಆದರೆ 1948ರವರೆಗೂ ಇತ್ತು. ಲಾರ್ಡ್ ಮೇಲೆ ದೊಡ್ಡ ಅಪರಾಧದ ಆರೋಪ ಬಂದರೆ ವಿಚಾರಣೆ ಮಾಡುತ್ತಿದ್ದವರು ಉಳಿದ ಲಾರ್ಡುಗಳೇ. ಒಬ್ಬೊಬ್ಬರೇ ಎದ್ದು ನಿಂತು, ಎದೆ ಮೇಲೆ ಕೈ ಇಟ್ಟು, 'ನನ್ನ ಮಾನದ ಮೇಲಾಣೆ, ತಪ್ಪಿತಸ್ಥ' ಅಥವಾ 'ತಪ್ಪಿತಸ್ಥನಲ್ಲ' ಅನ್ನಬೇಕು. ಎಲ್ಲ ಮುಗಿದ ಮೇಲೆ ಅಧ್ಯಕ್ಷತೆ ವಹಿಸಿದವರು ಬಿಳಿ ಕೋಲನ್ನು ಮುರಿದು ಹಾಕುತ್ತಿದ್ದರು.

ಹಾಗಂತ ಕೊಲೆ ಮಾಡಿ ಪಾರಾಗೋ ಹಾಗಿರಲಿಲ್ಲ. ತನ್ನ ಮನೆಯ ಲೆಕ್ಕ ನೋಡುತ್ತಿದ್ದವನನ್ನೇ ಗುಂಡಿಟ್ಟು ಕೊಂದ ಅರ್ಲ್ ಫೆರರ್ಸ್‌ನನ್ನು 1760ರಲ್ಲಿ ಟೈಬರ್ನ್‌ನಲ್ಲಿ ಎಲ್ಲರ ಎದುರೇ ಗಲ್ಲಿಗೆ ಹಾಕಿದರು.

ನನಗೆ ಮಜಾ ಅನಿಸಿದ್ದು 1776ರ ಕಿಂಗ್‌ಸ್ಟನ್ ಡಚೆಸ್ ಕೇಸು. ಡಚೆಸ್ ಅಂದರೆ ಡ್ಯೂಕ್‌ನ ಹೆಂಡತಿ. ಎಲಿಜಬೆತ್ ಚಡ್ಲೀ ಅಂತ ಹೆಸರು. 1744ರಲ್ಲಿ ಹರ್ವಿ ಅನ್ನೋನನ್ನು ಗುಟ್ಟಾಗಿ ಮದುವೆಯಾಗಿದ್ದಳು. ಆಮೇಲೆ ಅದನ್ನು ಮುಚ್ಚಿಟ್ಟು ಕಿಂಗ್‌ಸ್ಟನ್ ಡ್ಯೂಕ್‌ನನ್ನು ಮದುವೆಯಾದಳು. ಡ್ಯೂಕ್ ಸತ್ತ ಮೇಲೆ ಆಸ್ತಿ ಜಗಳದಲ್ಲಿ ಎಲ್ಲ ಹೊರಗೆ ಬಂತು. ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ವಿಚಾರಣೆ, ನೋಡೋಕೆ ಟಿಕೆಟ್ಟು, ರಾಣಿಯೂ ಬಂದು ಕೂತಿದ್ದಳು. ಮೊದಲ ಮದುವೆ ನಿಜ ಅಂತ ಸಾಬೀತಾಯಿತು. ಸಾಮಾನ್ಯ ಹೆಂಗಸಾಗಿದ್ದರೆ ಕೈಗೆ ಬರೆ ಬೀಳಬಹುದಿತ್ತು. ಆದರೆ ಅಷ್ಟರಲ್ಲಿ ಹರ್ವಿ ಬ್ರಿಸ್ಟಲ್‌ನ ಅರ್ಲ್ ಆಗಿಬಿಟ್ಟಿದ್ದ! ಮೊದಲ ಮದುವೆ ನಿಜವಾದರೆ ಇವಳು ಡಚೆಸ್ ಅಲ್ಲ, ಸರಿ. ಆದರೆ ಅರ್ಲ್‌ನ ಹೆಂಡತಿ, ಅಂದರೆ ಕೌಂಟೆಸ್ ಆಗಿಯೇ ಆಗುತ್ತಾಳೆ, ಅಲ್ವಾ? ಮೊದಲ ಅಪರಾಧಕ್ಕೆ ಲಾರ್ಡುಗಳ ಮನೆತನದವರಿಗೆ ಶಿಕ್ಷೆ ಇಲ್ಲ ಅನ್ನೋ ಹಕ್ಕನ್ನು ಕೇಳಿದಳು, ಸಿಕ್ಕಿತು. ಫೀಸು ಕಟ್ಟಿ ಸೀದಾ ಫ್ರಾನ್ಸಿಗೆ ಹೋದಳು.

ಆ ಹಕ್ಕು ಹೋಗಿದ್ದು 1841ರಲ್ಲಿ. ಲಾರ್ಡ್ ಕಾರ್ಡಿಗನ್ ದ್ವಂದ್ವಯುದ್ಧದಲ್ಲಿ ಕ್ಯಾಪ್ಟನ್ ಟಕೆಟ್‌ಗೆ ಗುಂಡು ಹೊಡೆದಿದ್ದ. ಟಕೆಟ್ ಬದುಕಿಕೊಂಡ. ಆರೋಪದಲ್ಲಿ ಬರೆದಿದ್ದ ಉದ್ದನೆಯ ಪೂರ್ತಿ ಹೆಸರು ಗುಂಡು ತಿಂದ ಈ ಟಕೆಟ್‌ನದೇ ಅಂತ ಸರ್ಕಾರಿ ವಕೀಲರು ತೋರಿಸಲಿಲ್ಲ ಅನ್ನೋ ಕಾರಣಕ್ಕೆ ಕಾರ್ಡಿಗನ್ ಬಿಡುಗಡೆಯಾದ. ಕ್ಲೀವ್‌ಲ್ಯಾಂಡ್ ಡ್ಯೂಕ್ ಮಾತ್ರ 'ಕಾನೂನಿನ ಪ್ರಕಾರ ತಪ್ಪಿತಸ್ಥನಲ್ಲ' ಅಂತ ಸೇರಿಸಿ ಹೇಳಿದನಂತೆ. ಅದೇ ವರ್ಷ ಶಿಕ್ಷೆ ತಪ್ಪಿಸಿಕೊಳ್ಳೋ ದಾರಿಯನ್ನು ಕಾಯ್ದೆ ಮಾಡಿ ಮುಚ್ಚಿದರು.

ಬೇರೆ ಕೋರ್ಟು ಮಾತ್ರ ಉಳಿಯಿತು. 1901ರಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ರ ಅಣ್ಣ ಎರಡು ಮದುವೆಯ ಕೇಸಿನಲ್ಲಿ ಅಲ್ಲಿ ನಿಂತು, ಮೂರು ತಿಂಗಳು ಜೈಲಿಗೆ ಹೋದರು. 1935ರಲ್ಲಿ ಕಾರು ಅಪಘಾತದಲ್ಲಿ ಒಬ್ಬರು ಸತ್ತ ಕೇಸು ಲಾರ್ಡ್ ಡಿ ಕ್ಲಿಫರ್ಡ್ ಮೇಲೆ ಬಂತು. ನನಗೆ ಮಾಮೂಲಿ ಕೋರ್ಟೇ ಸಾಕು ಅನ್ನೋಕೂ ಅವನಿಗೆ ಅವಕಾಶ ಇರಲಿಲ್ಲ. ಒಂದು ಕಾರಿನ ಕೇಸಿಗೆ ಅಷ್ಟೂ ಆಡಂಬರ! ಅವನು ಬಿಡುಗಡೆಯಾದ, ಆಮೇಲೆ ಅಂಥ ವಿಚಾರಣೆ ನಡೆಯಲೇ ಇಲ್ಲ. ಯಾರಿಗೂ ಬೇಡವಾದ ಮೇಲೆ ಬಿಡೋದು ಎಷ್ಟು ಸುಲಭ ನೋಡಿ.

ಆದರೆ ಸಂಸತ್ತಿನ ಮೇಲ್ಮನೆಯಲ್ಲಿ ತಮಗಿದ್ದ ಅಧಿಕಾರವನ್ನು ಲಾರ್ಡುಗಳು ಅಷ್ಟು ಸುಲಭಕ್ಕೆ ಬಿಡಲಿಲ್ಲ. 1909ರಲ್ಲಿ ಭೂಮಿ ಮೇಲೆ ತೆರಿಗೆ ಹಾಕೋ ಬಜೆಟ್ಟನ್ನೇ ತಿರಸ್ಕರಿಸಿದರು. ನೂರಾರು ಹೊಸ ಲಾರ್ಡುಗಳನ್ನು ಮಾಡಿ ಸದನ ತುಂಬಿಸ್ತೀವಿ ಅಂತ ಸರ್ಕಾರ ಹೆದರಿಸಿದ ಮೇಲೆ 1911ರಲ್ಲಿ ಬಗ್ಗಿದರು. ಮಸೂದೆಯನ್ನು ಪೂರ್ತಿ ತಡೆಯೋ ಅಧಿಕಾರ ಹೋಗಿ, ಎರಡು ವರ್ಷ ತಳ್ಳೋದಷ್ಟೇ ಉಳಿಯಿತು. 1949ರಲ್ಲಿ ಅದೂ ಒಂದು ವರ್ಷವಾಯಿತು. 1999ರಲ್ಲಿ ಹುಟ್ಟಿನಿಂದ ಲಾರ್ಡ್ ಆದವರಲ್ಲಿ 600ಕ್ಕೂ ಹೆಚ್ಚು ಜನರನ್ನು ಸದನದಿಂದ ಕಳಿಸಿದರು. ಆದರೂ ರಾಜಿ ಮಾಡಿಕೊಂಡು 92 ಜನರನ್ನು ಇಟ್ಟುಕೊಂಡರು.

ಆ 92ರಲ್ಲಿ ಒಬ್ಬರು ಹೋದರೆ ಸಾಮಾನ್ಯವಾಗಿ ಉಪಚುನಾವಣೆ ನಡೆಯುತ್ತಿತ್ತು. 2016ರ ಒಂದು ಚುನಾವಣೆಯಲ್ಲಿ ಅಭ್ಯರ್ಥಿಗಳು ಏಳು ಜನ, ಮತದಾರರು ಮೂರೇ ಜನ! ಮೂರೂ ಓಟು ವೈಕೌಂಟ್ ಥರ್ಸೊಗೆ ಬಿತ್ತು. ಈ 92 ಜನರನ್ನೂ ಕಳಿಸೋ ಮಸೂದೆಯನ್ನು ಸರ್ಕಾರ ಮಂಡಿಸಿದ್ದು 2024ರಲ್ಲಿ.

ಚಿಕ್ಕಪ್ಪ ಇದನ್ನು ನಂಬೋದಿಲ್ಲ, ಪಂದ್ಯ ಕಟ್ಟಿ.

ನಿಮ್ಮ ಮಗ