ಕೀಮೋಗೆ ಮುಂಚೆಯೇ ಈ ವಿಷಯ ಹೇಳಿ

ಸಂಪಾದಕರಿಗೆ ನಮಸ್ಕಾರ,

ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರ್ ಬಂದರೆ ಆಪರೇಷನ್, ಕೀಮೋ, ಖರ್ಚು ಎಲ್ಲವನ್ನೂ ಹೇಳುತ್ತಾರೆ. ಮುಂದೆ ಮಕ್ಕಳಾಗುತ್ತವಾ ಅನ್ನೋ ಮಾತನ್ನು ಮಾತ್ರ ಎಷ್ಟೋ ಕಡೆ ಯಾರೂ ಎತ್ತುವುದಿಲ್ಲ. ನನ್ನ ತಂಗಿಗೆ 29 ವರ್ಷ, ಮದುವೆಯಾಗಿಲ್ಲ. ಕೀಮೋ ಅರ್ಧಕ್ಕೆ ಬರುವಷ್ಟರಲ್ಲಿ ಮುಟ್ಟು ನಿಂತಿತು. ಕೇಳಿದರೆ, ಡಾಕ್ಟರು 'ಮೊದಲು ಜೀವ ಉಳಿಯಲಿ' ಅಂದರು. ಅದೂ ಪಕ್ಕದಲ್ಲಿ ಕೂತಿದ್ದ ಅವಳಿಗಲ್ಲ, ನಮ್ಮ ಅಪ್ಪನಿಗೆ! ಕಾಯಿಲೆ ಅವಳದ್ದು, ಮೈ ಅವಳದ್ದು, ಅವಳ ಮುಖ ನೋಡಿ ಹೇಳಬೇಕಲ್ವಾ?

ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ ಔಷಧಿ ಅಂಡಾಣುಗಳನ್ನೇ ಹಾಳು ಮಾಡುತ್ತದೆ. ಕೆಲವರಿಗೆ ಮುಟ್ಟು ವಾಪಸ್ ಬರುತ್ತದೆ, ಕೆಲವರಿಗಿಲ್ಲ. ಕೀಮೋಗೆ ಮುಂಚೆ ಸುಮಾರು ಎರಡು ವಾರ ಸಿಕ್ಕರೆ ಎಗ್ ಫ್ರೀಜಿಂಗ್, ಅಂದರೆ ಅಂಡಾಣುಗಳನ್ನು ಹೊರತೆಗೆದು ಮುಂದಕ್ಕೆ ಬೇಕಾದಾಗ ಬಳಸಲು ಶೈತ್ಯೀಕರಿಸಿ ಇಡುವುದು, ಮಾಡಿಸಬಹುದು. ಅದಕ್ಕೆ ಮುಟ್ಟಿನ ದಿನ ಬರಲಿ ಅಂತ ಕಾಯಬೇಕಾಗಿಯೂ ಇಲ್ಲ, ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಜಾಸ್ತಿ ಏರದಂತೆ ಲೆಟ್ರೊಜೋಲ್ ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ. ಕೀಮೋ ನಡೆಯುವಾಗ ನಾಲ್ಕು ವಾರಕ್ಕೊಮ್ಮೆ ಕೊಡುವ ಗೋಸೆರೆಲಿನ್ ಇಂಜೆಕ್ಷನ್ನೂ ಇದೆ. ಅದು ಎಗ್ ಫ್ರೀಜಿಂಗ್‌ಗೆ ಬದಲಿ ಅಲ್ಲ, ಆದರೂ ಅಂಡಾಶಯಕ್ಕೆ ಒಂದಿಷ್ಟು ರಕ್ಷಣೆ. ಮದುವೆಯಾಗದವಳಿಗೆ ಇದೆಲ್ಲ ಯಾಕೆ ಅನ್ನುವ ಹಿರಿಯರಿದ್ದಾರೆ. ಇಂಥ ಸಂತಾನ ಚಿಕಿತ್ಸೆಗಳಿಗಿರುವ 2021ರ ಎಆರ್‌ಟಿ ಕಾಯ್ದೆಯಲ್ಲಿ ಹಾಗೇನೂ ಅಡ್ಡಿಯಿಲ್ಲ, 21 ತುಂಬಿದ ಒಂಟಿ ಹೆಣ್ಣುಮಕ್ಕಳೂ ಈ ಚಿಕಿತ್ಸೆಗೆ ಹೋಗಬಹುದು.

ಕೀಮೋ ಮುಗಿದ ಮೇಲೂ ಹಾರ್ಮೋನ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯುವ ಕ್ಯಾನ್ಸರ್) ಇರುವವರು ಸಾಮಾನ್ಯವಾಗಿ 5ರಿಂದ 10 ವರ್ಷ ಟ್ಯಾಮಾಕ್ಸಿಫೆನ್‌ನಂಥ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ನುಂಗಬೇಕು, ಅದು ನಡೆಯುವಾಗ ಬಸಿರಾಗಬಾರದು. ಹಾಗಾದರೆ ಎಲ್ಲ ಮುಗಿದೇ ಹೋಯಿತಾ? ಇಲ್ಲ. 2023ರಲ್ಲಿ ಪ್ರಕಟವಾದ 'ಪಾಸಿಟಿವ್' ಅನ್ನುವ ಅಧ್ಯಯನದಲ್ಲಿ, ಒಂದೂವರೆಯಿಂದ ಎರಡೂವರೆ ವರ್ಷ ಹಾರ್ಮೋನ್ ಚಿಕಿತ್ಸೆ ಪಡೆದ 500ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಗುವಿಗಾಗಿ ಗರಿಷ್ಠ ಎರಡು ವರ್ಷ ಮಾತ್ರೆ ನಿಲ್ಲಿಸಿದ್ದರು. ಮೊದಲ ಮೂರು ವರ್ಷಗಳ ಲೆಕ್ಕದಲ್ಲಿ ಅದರಿಂದ ಕ್ಯಾನ್ಸರ್ ಮರುಕಳಿಸಿದ್ದು ಹೆಚ್ಚಾಗಲಿಲ್ಲ. ಇನ್ನೂ ಹಲವು ವರ್ಷ ಗಮನಿಸಬೇಕು, ಡಾಕ್ಟರನ್ನು ಕೇಳದೆ ಸುಮ್ನೆ ಮಾತ್ರೆ ಬಿಡಲೂಬಾರದು. ಆದರೆ ಈ ಸುದ್ದಿ ನಮ್ಮ ಹುಡುಗಿಯರ ಕಿವಿಗೆ ಬೀಳಬೇಕು.

ಕಿದ್ವಾಯಿಯಿಂದ ಹಿಡಿದು ಜಿಲ್ಲಾ ಆಸ್ಪತ್ರೆಗಳವರೆಗೆ, ಕೀಮೋಗೆ ಸಹಿ ಹಾಕಿಸಿಕೊಳ್ಳುವ ಮುಂಚೆ ಇದನ್ನೆಲ್ಲ ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಡಲಿ, ಅದೇ ವಾರ ಬಂಜೆತನ ತಜ್ಞರ ಹತ್ತಿರ ಕಳಿಸಲಿ. ಎಗ್ ಫ್ರೀಜಿಂಗ್ ಖರ್ಚು ಲಕ್ಷ ದಾಟುತ್ತದೆ, ಕೂಲಿ ಮಾಡುವವರು ಎಲ್ಲಿಂದ ತರಬೇಕು? ಕ್ಯಾನ್ಸರ್ ರೋಗಿಗಳಿಗಾದರೂ ಸರ್ಕಾರ ಇದನ್ನು ಆರೋಗ್ಯ ಯೋಜನೆಯಲ್ಲಿ ಸೇರಿಸಬೇಕು. ಮುಂದಿನ ವಾರ ಕೀಮೋ ಇರುವವರು ಇದನ್ನು ಓದುತ್ತಿದ್ದರೆ ನಾಳೆಯೇ ಡಾಕ್ಟರನ್ನು ಕೇಳಿ, ನನಗೆ ಎರಡು ವಾರ ಸಮಯ ಸಿಗುತ್ತಾ ಅಂತ.

ಒಬ್ಬ ಅಕ್ಕ, ದಾವಣಗೆರೆ