ಸುಮ್ನೆ ಮಲಗಿರೋ ಮಗೂಗೆ ನೋವಿಲ್ಲ ಅಂತ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ಹದಿನಾಲ್ಕು ವರ್ಷದಿಂದ ಮಕ್ಕಳ ಸರ್ಜರಿ ವಾರ್ಡಲ್ಲಿ ಸ್ಟಾಫ್ ನರ್ಸ್. ಎದೆ ಆಪರೇಷನ್ ಆದ ಮಗು ವಾರ್ಡಿಗೆ ಬಂದ ಮೊದಲ ರಾತ್ರಿ ಮನೆಯವರು ಹೇಳೋ ಮಾತು ಒಂದೇ, 'ಸಿಸ್ಟರ್, ಪಾಪ ಸುಮ್ನೆ ಮಲಗಿದೆ, ಅಳ್ತಾನೂ ಇಲ್ಲ'. ಅದನ್ನ ಕೇಳಿದಾಗೆಲ್ಲ ನಂಗೆ ಹೊಟ್ಟೆ ಕಿವುಚಿದ ಹಾಗಾಗುತ್ತೆ, ಯಾಕಂದ್ರೆ ಜೋರಾಗಿ ಅಳೋಕೆ ಉಸಿರು ಎಳ್ಕೋಬೇಕು, ಎಳ್ಕೊಂಡ್ರೆ ಪಕ್ಕೆ ಕಿತ್ತು ಬರೋ ಹಾಗೆ ನೋಯುತ್ತೆ, ಅದಕ್ಕೇ ಆ ಕೂಸು ಮಿಸುಕಾಡದೆ ಸಣ್ಣ ಸಣ್ಣ ಉಸಿರಲ್ಲಿ ಬಿದ್ದಿರುತ್ತೆ.

ನಮ್ಮಲ್ಲಿಗೆ ಬರೋರು ಹೆಚ್ಚಾಗಿ ನ್ಯುಮೋನಿಯಾ ಆಗಿ ಶ್ವಾಸಕೋಶದ ಸುತ್ತ ಕೀವು ತುಂಬ್ಕೊಂಡಿರೋ ಮಕ್ಕಳು. ಟ್ಯೂಬ್ ಹಾಕಿದ್ರೂ ಬಾರದಷ್ಟು ಕೀವು ಗಟ್ಟಿಯಾಗಿದ್ರೆ ಪಕ್ಕೆಲುಬಿನ ಮಧ್ಯ ಕೊಯ್ದು, ಶ್ವಾಸಕೋಶಕ್ಕೆ ಅಂಟಿದ ಆ ಕೀವಿನ ಪೊರೆ ಬಿಡಿಸ್ತಾರೆ. ಕೊಯ್ದ ಜಾಗದ ನೋವು, ಅಗಲಿಸಿದ ಪಕ್ಕೆಲುಬಿನ ನೋವು, ಸಾಲದ್ದಕ್ಕೆ ಉಸಿರಾಡಿದಾಗೆಲ್ಲ ಚುಚ್ಚೋ ಡ್ರೈನ್ ಟ್ಯೂಬ್. ಮಗು ಕೆಮ್ಮಲ್ಲ, ಕಫ ಒಳಗೇ ಉಳಿಯುತ್ತೆ, ಶ್ವಾಸಕೋಶ ಹಿಗ್ಗಲ್ಲ, ಮತ್ತೆ ಜ್ವರ, ಮತ್ತೆ ಆಕ್ಸಿಜನ್. ಪೀಪಿ ಊದು ಪುಟ್ಟಾ, ಬಲೂನ್ ಊದು ಅಂತ ಎಷ್ಟು ರಮಿಸಿದ್ರೂ ಬಾಯಿಗೇ ಇಟ್ಕೊಳ್ಳಲ್ಲ.

ಬರೀ ಪ್ಯಾರಾಸಿಟಮಾಲ್ ಇದಕ್ಕೆ ಸಾಲಲ್ಲ. ಮಾರ್ಫಿನ್, ಫೆಂಟನಿಲ್ ತರದ ಬಲವಾದ ನೋವಿನ ಔಷಧಿ ಜಾಸ್ತಿ ಆದ್ರೆ ಉಸಿರಾಟವೇ ಕಮ್ಮಿ ಆಗುತ್ತೆ ಅನ್ನೋ ಭಯ, ಅದು ಸುಳ್ಳು ಭಯ ಅಲ್ಲ, ರಾತ್ರಿ ಒಬ್ಬಳೇ ಸಿಸ್ಟರ್ ಇಡೀ ವಾರ್ಡ್ ನೋಡೋ ಕಡೆ ಯಾರು ಧೈರ್ಯ ಮಾಡ್ತಾರೆ. ಅದಕ್ಕೇ ನಾನು ಬರೀತಿರೋದು ಬ್ಲಾಕ್ ಬಗ್ಗೆ, ಅಂದ್ರೆ ಆ ಭಾಗದ ನರಗಳನ್ನ ಮಾತ್ರ ಮರಗಟ್ಟಿಸೋದು. ಮಗು ಅರಿವಳಿಕೆಯಲ್ಲಿ ಇರುವಾಗ್ಲೇ ಅಲ್ಟ್ರಾಸೌಂಡಲ್ಲಿ ನೋಡ್ಕೊಂಡು ಬೆನ್ನುಮೂಳೆ ಪಕ್ಕದ ಸ್ನಾಯುವಿನ ಕೆಳಗೆ ಔಷಧಿ ಬಿಡ್ತಾರೆ, ಎರೆಕ್ಟರ್ ಸ್ಪೈನೇ ಬ್ಲಾಕ್ ಅಂತ, 2016ರಲ್ಲಿ ಬಂದಿದ್ದು, ಬೆನ್ನಿಗೇ ಕೊಡೋ ಪ್ಯಾರಾವರ್ಟಿಬ್ರಲ್, ಎಪಿಡ್ಯೂರಲ್ ಬ್ಲಾಕ್‌ಗಳು ಅದಕ್ಕಿಂತ ಹಳೇವು. ಒಂದು ಸಲದ ಇಂಜೆಕ್ಷನ್ ಕೆಲವು ಗಂಟೆಗೆ ಇಳಿದು ಹೋಗುತ್ತೆ, ಔಷಧಿ ಹೋಗ್ತಾ ಇರೋಕೆ ಸಣ್ಣ ಕ್ಯಾತಿಟರ್, ಅಂದ್ರೆ ತೆಳು ನಳಿಗೆ, ಅಲ್ಲೇ ಬಿಟ್ಟು ಬಂದ್ರೆ ಎರಡು ಮೂರು ದಿನ ನಡೆಯುತ್ತೆ. ಹಾಗೆ ಕ್ಯಾತಿಟರ್ ಇದ್ದ ಮೂರು ವರ್ಷದ ಹುಡುಗಿ ಮಾರನೇ ಬೆಳಿಗ್ಗೆನೇ ಎದ್ದು ಕೂತು ಪೀಪಿ ಊದಿದ್ಲು, ಆ ಸದ್ದು ಇನ್ನೂ ನನ್ನ ಕಿವೀಲಿದೆ.

ಬೆನ್ನಿಗೆ ಇಂಜೆಕ್ಷನ್ ಅಂದ ತಕ್ಷಣ ಅಜ್ಜಿಯಂದಿರು 'ಬ್ಯಾಡ, ಜೀವಮಾನ ಪೂರ್ತಿ ಬೆನ್ನುನೋವು' ಅಂತಾರೆ. 2018ರಲ್ಲಿ ಅಮೆರಿಕದ ಮಕ್ಕಳ ಆಸ್ಪತ್ರೆಗಳು ಒಂದು ಲಕ್ಷಕ್ಕೂ ಹೆಚ್ಚು ಬ್ಲಾಕ್‌ಗಳ ಲೆಕ್ಕ ಕೊಟ್ವು, ಒಂದು ಮಗೂಗೂ ಶಾಶ್ವತ ನರದೌರ್ಬಲ್ಯ ಆಗಿರ್ಲಿಲ್ಲ. ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ, ಮರಗಟ್ಟಿಸೋ ಔಷಧಿ ಬ್ಯುಪಿವಕೇನ್ ಜಾಸ್ತಿ ಆದ್ರೆ ಹೃದಯಕ್ಕೇ ಏಟು, ತೂಕದ ಲೆಕ್ಕದಲ್ಲೇ ಕೊಡ್ಬೇಕು, ಒಂದು ಕೆಜಿಗೆ 2.5 ಮಿಲಿಗ್ರಾಂ ಮೀರಬಾರ್ದು, ಆಪತ್ತಿಗೆ 20% ಲಿಪಿಡ್ (ನರಕ್ಕೆ ಏರಿಸೋ ಕೊಬ್ಬಿನ ದ್ರಾವಣ) ಬಾಟಲಿ ಕೈಗೆ ಸಿಗೋ ಹಾಗಿರ್ಬೇಕು.

ಒಂದು ಕಾಲದಲ್ಲಿ ಹಸುಗೂಸಿಗೆ ನೋವೇ ಗೊತ್ತಾಗಲ್ಲ ಅಂತ ಡಾಕ್ಟ್ರುಗಳೇ ನಂಬಿದ್ರು. ಇಂದೋರಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾ. ಕೆ.ಜೆ.ಎಸ್. ಆನಂದ್ 1987ರಲ್ಲಿ ತೋರಿಸಿದ್ದು ಅವಧಿಗೆ ಮುಂಚೆ ಹುಟ್ಟಿ ಎದೆ ಆಪರೇಷನ್ ಆದ ಕೂಸುಗಳನ್ನೇ, ಬಲವಾದ ನೋವಿನ ಔಷಧಿ ಸಿಗದೆ ಇದ್ದವಕ್ಕೆ ದೇಹದ ಮೇಲೆ ಒತ್ತಡ, ಆಪರೇಷನ್ ಆದ್ಮೇಲಿನ ತೊಂದರೆ ಎರಡೂ ಜಾಸ್ತಿ ಇತ್ತು. ಅಷ್ಟು ವರ್ಷ ಆದ್ಮೇಲೂ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ರೂಮಲ್ಲಿದೆ, ಆಪರೇಷನ್ ಥಿಯೇಟರ್‌ಗೆ ತರೋಕಾಗಲ್ಲ, ಆಪರೇಷನ್ ಲಿಸ್ಟ್ ಉದ್ದ ಇದೆ ಅನ್ನೋ ಮಾತು ಕೇಳ್ತಾ ಇದೀನಿ. ಆಸ್ಪತ್ರೆಯವರು ಥಿಯೇಟರ್‌ಗೇ ಅಂತ ಒಂದು ಮಷಿನ್, ಭ್ರೂಣಲಿಂಗ ಪತ್ತೆ ತಡೆ ಕಾನೂನಿನ ಪ್ರಕಾರ ರಿಜಿಸ್ಟರ್ ಮಾಡಿಸಿ ಕೊಡ್ಲಿ. ಮಷಿನ್ ಬರೋವರೆಗೆ, ಎದೆ ಮುಚ್ಚೋ ಮುಂಚೆ ಸರ್ಜನ್ನೇ ಕಣ್ಣಾರೆ ನೋಡ್ಕೊಂಡು ಪಕ್ಕೆಲುಬಿನ ನರಕ್ಕೆ ಔಷಧಿ ಕೊಡಬಹುದು, ಅದಕ್ಕೆ ಹಿಡಿಯೋದು ಕೆಲವೇ ನಿಮಿಷ.

ಹಾಗೇ ಕೇಸ್ ಶೀಟಲ್ಲಿ ಪಲ್ಸ್, ಟೆಂಪರೇಚರ್ ಜೊತೆ ನೋವಿನ ಅಂಕ ಬರೆಯೋದನ್ನ ಕಡ್ಡಾಯ ಮಾಡ್ಲಿ. ಮುಖ, ಕಾಲು, ಚಲನೆ, ಅಳು, ಸಮಾಧಾನ, ಐದಕ್ಕೂ 0ಯಿಂದ 2, ಒಟ್ಟು 10, ಮಾತು ಬಾರದ ಮಗೂಗೂ ಆಗುತ್ತೆ. ಆದ್ರೆ ಎದೆ ಕೊಯ್ದ ಮಗು ಅಳ್ತಿಲ್ಲ ಅಂತ ಸೊನ್ನೆ ಬರೀಬೇಡಿ, ಉಸಿರನ್ನೂ ಎಣಿಸಿ.

ಅಪ್ಪ ಅಮ್ಮಂದಿರೇ, ಆಪರೇಷನ್ ಮುಂಚೆ ಅರಿವಳಿಕೆ ಡಾಕ್ಟ್ರು ಮಗೂನ ನೋಡೋಕೆ ಬಂದಾಗ ಕೇಳಿ: ನೋವಿಗೆ ಬ್ಲಾಕ್ ಕೊಡ್ತೀರಾ ಸಾರ್, ಅದು ಇಳಿದ ಮೇಲೆ ರಾತ್ರಿಗೆ ಏನು?

ಇಂತಿ,
ಒಬ್ಬ ಸ್ಟಾಫ್ ನರ್ಸ್